ವೈಮಾನಿಕನ ಚಾಳೀಸು

ನಲವತ್ತು ವರ್ಷ ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗಿ ಕಾಣತೊಡಗುವುದನ್ನು ನಮ್ಮ ಜನ ಚಾಳೀಸು ಎನ್ನುತ್ತಾರೆ. ಅದಕ್ಕಾಗಿ ಹಾಕಿಕೊಳ್ಳುವ ಕನ್ನಡಕಕ್ಕೂ ಅದೇ ಹೆಸರು. ನಲವತ್ತೆಂಬ ಎಣಿಕೆಯೇ ಆ ಮಾತಿನೊಳಗೆ ಅಡಗಿದೆ. ಪಂಚಾಂಗವನ್ನು ತೋಳುದ್ದ ದೂರಕ್ಕೆ ಹಿಡಿದು ತಿಥಿ ನೋಡುವ ಯಜಮಾನರೂ, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕೂಗುವ ಅಜ್ಜಿಯೂ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಮನೆಯಲ್ಲಿ ಇದು ನಗೆಯ ವಿಷಯ. ತಿಥಿ ಓದುವುದು ಅರ್ಧ ನಿಮಿಷ ತಡವಾದರೆ ಯಾರಿಗೂ ನಷ್ಟವಿಲ್ಲ. ಆದರೆ ಸೆಕೆಂಡಿಗೆ 67 ಮೀಟರು ದೂರ ಓಡುತ್ತಿರುವ ವಾಹನವನ್ನು, ಅದರೊಳಗಿನ ನೂರಾರು ಜನರೊಡನೆ, ಆಕಾಶದಿಂದ ನೆಲಕ್ಕೆ ಇಳಿಸುತ್ತಿರುವವನಿಗೆ ಇದೇ ಚಾಳೀಸು ಬಂದಿದ್ದರೆ ಹೇಗೆ? ಆ ಗಳಿಗೆಯಲ್ಲಿ ಅವನು ತನ್ನ ವೇಗವನ್ನು ಪ್ರಯಾಸವಿಲ್ಲದೆ ತಿಳಿದುಕೊಳ್ಳುವುದಕ್ಕೆ ಏನೇನು ಏರ್ಪಾಟುಗಳುಂಟು? ಈ ದಿನ ವಿಚಾರ ಮಾಡಬೇಕೆಂದಿರುವುದು ಈ ಪ್ರಶ್ನೆಯನ್ನು.

ಇದು ದೂರದ ದೇಶದವರಿಗೆ ಮಾತ್ರ ಸೇರಿದ ವಿಷಯವೆಂದು ಭಾವಿಸಬೇಕಾಗಿಲ್ಲ. ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಸ್ಥಾಪನೆಯಾದದ್ದು 1940ರಲ್ಲಿ. ಜಕ್ಕೂರಿನ ಸರ್ಕಾರಿ ಶಾಲೆಯಲ್ಲಿ ವಿಮಾನ ಹಾರಿಸುವುದನ್ನು ಕಲಿತು ಹೊರಟವರು ಅನೇಕರಿದ್ದಾರೆ. ಇತ್ತೀಚೆಗೆ, 2023ನೆಯ ಇಸವಿ ಫೆಬ್ರವರಿ 27ರಂದು, ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಪ್ರಾರಂಭೋತ್ಸವವಾಯಿತು. ತೀರ್ಥಹಳ್ಳಿ ಸೀಮೆಯ ಕುಪ್ಪಳಿಯ ಮನೆತನದ ಕವಿ ಕುವೆಂಪು ಅವರ ಹೆಸರನ್ನು ಅದಕ್ಕಿಟ್ಟಿದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಜನರಿಗೆ ವಿಮಾನವು ತಲೆಯ ಮೇಲೆ ಹಾದುಹೋಗುವ ಸದ್ದಾಗಿ ಉಳಿಯದೆ ಹತ್ತಿ ಇಳಿಯುವ ವಾಹನವಾಗಿದೆ. ಹತ್ತಿ ಕುಳಿತವನಿಗೆ ನಡೆಸುವವನ ಕಣ್ಣಿನ ವಿಷಯದಲ್ಲಿ ಆಸಕ್ತಿಯಿರುವುದು ನ್ಯಾಯವೇ ಸರಿ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2006ರಲ್ಲಿ, ಇಬ್ಬರು ಚಾಲಕರಿರುವ ಪ್ರಯಾಣಿಕ ವಿಮಾನಗಳ ಮಟ್ಟಿಗೆ ವಯಸ್ಸಿನ ಮಿತಿಯನ್ನು 60ರಿಂದ 65ಕ್ಕೆ ಏರಿಸಿತು. ಅಮೆರಿಕದಲ್ಲಿ 1959ರಲ್ಲಿ ಹೊರಡಿಸಿದ್ದ ಅರವತ್ತರ ಕಟ್ಟು 2007ರಲ್ಲಿ ಸಡಿಲವಾಗಿ ಅರವತ್ತೈದಾಯಿತು. ಅರವತ್ತು ದಾಟಿದವರು ವರ್ಷಕ್ಕೊಮ್ಮೆಯಲ್ಲ, ಆರು ತಿಂಗಳಿಗೊಮ್ಮೆ ವೈದ್ಯ ಪರೀಕ್ಷೆಗೆ ಒಳಪಡಬೇಕೆಂಬುದು ಇದರ ಜೊತೆಗೆ ಇರುವ ನಿಯಮ. ನಮ್ಮ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳು ನಡೆಯುತ್ತವೆ. ಹೀಗೆ ಚಾಳೀಸಿನ ವಯಸ್ಸಿನವರು ಇಪ್ಪತ್ತೈದು ವರ್ಷಗಳ ಕಾಲ ವಿಮಾನ ನಡೆಸಬಹುದು. ಅವರಲ್ಲಿರುವ ಅನುಭವ ಬೆಲೆಯುಳ್ಳದ್ದು. ಆ ಅನುಭವವನ್ನು ಕಣ್ಣಿನ ಒಂದು ಸಣ್ಣ ಕೊರತೆಗಾಗಿ ಕಳೆದುಕೊಳ್ಳಬೇಕೆ, ಅಥವಾ ಕೊರತೆಯನ್ನು ತುಂಬುವ ಉಪಾಯ ಮಾಡಬೇಕೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಮೊದಲು ವೇಗವೆಂದರೆ ಯಾವ ವೇಗ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ತೀರ್ಥಹಳ್ಳಿಯಲ್ಲಿ ತುಂಗೆಯ ಪ್ರವಾಹಕ್ಕೆ ಎದುರಾಗಿ ದೋಣಿ ನಡೆಸುವವನನ್ನು ಊಹಿಸಿಕೊಳ್ಳಿ. ಅವನು ಬೆವರಿಳಿಸಿ ಹುಟ್ಟು ಹಾಕುತ್ತಿದ್ದಾನೆ. ನೀರು ದೋಣಿಯ ಪಕ್ಕೆಗಳನ್ನು ಉಜ್ಜಿಕೊಂಡು ಭರದಿಂದ ಹಿಂದಕ್ಕೆ ಸಾಗುತ್ತಿದೆ. ಆದರೆ ದಡದ ಮರ ಇದ್ದಲ್ಲಿಯೇ ಇದೆ. ದಡದ ಲೆಕ್ಕದಲ್ಲಿ ಅವನ ವೇಗ ಸೊನ್ನೆ, ನೀರಿನ ಲೆಕ್ಕದಲ್ಲಿ ಸೊನ್ನೆಯಲ್ಲ. ವಿಮಾನಕ್ಕೂ ಹೀಗೆಯೇ ಎರಡು ವೇಗಗಳುಂಟು: ನೆಲದ ಲೆಕ್ಕದ್ದೊಂದು, ಗಾಳಿಯ ಲೆಕ್ಕದ್ದೊಂದು. ಊರು ಎಷ್ಟು ಹೊತ್ತಿಗೆ ಸೇರುವುದೆಂಬುದನ್ನು ಮೊದಲನೆಯದು ನಿರ್ಣಯಿಸುತ್ತದೆ. ವಿಮಾನ ಆಕಾಶದಲ್ಲಿ ನಿಲ್ಲುವುದೋ ಬೀಳುವುದೋ ಎಂಬುದು ಎರಡನೆಯದನ್ನು ಅವಲಂಬಿಸಿದೆ. ರೆಕ್ಕೆಯನ್ನು ಎತ್ತಿಹಿಡಿಯುವುದು ಅದರ ಮೇಲೆ ಹರಿಯುವ ಗಾಳಿಯೇ ಹೊರತು ಕೆಳಗೆ ಸರಿಯುವ ನೆಲವಲ್ಲ.

ಈ ಗಾಳಿಯ ವೇಗವನ್ನು ಅಳೆಯುವ ಉಪಾಯವೂ ನದಿಯಿಂದಲೇ ಬಂದದ್ದು. ಹೆನ್ರಿ ಪೀಟೋ ಎಂಬ ಫ್ರೆಂಚ್ ವಿದ್ವಾಂಸನು 1732ರಲ್ಲಿ ಪ್ಯಾರಿಸಿನ ಸೇನ್ ನದಿಯ ಹರಿವನ್ನು ಅಳೆಯಲು ಬಾಗಿಸಿದ ಕೊಳವೆಯೊಂದನ್ನು ನೀರಿನಲ್ಲಿ ಹಿಡಿದನು. ಹರಿವಿಗೆ ಎದುರಾಗಿ ಬಾಯ್ದೆರೆದ ಕೊಳವೆಯಲ್ಲಿ ನೀರು ಮೇಲೇರಿತು. ಹರಿವು ಜೋರಾದಷ್ಟೂ ಏರಿಕೆ ಹೆಚ್ಚು. ವಿಮಾನದ ಮೂತಿಯ ಬಳಿಯಲ್ಲಿ ಅಥವಾ ರೆಕ್ಕೆಯ ಕೆಳಗೆ ಚಾಚಿಕೊಂಡಿರುವ ಸಣ್ಣ ಕೊಳವೆ ಇದೇ ತತ್ತ್ವವನ್ನು ಅನುಸರಿಸಿದ್ದು. ಅದರೊಳಗೆ ನುಗ್ಗುವ ಗಾಳಿಯ ಒತ್ತಡವನ್ನು ಸುತ್ತಣ ಗಾಳಿಯ ಸಹಜ ಒತ್ತಡದೊಡನೆ ಹೋಲಿಸಿ, ವ್ಯತ್ಯಾಸವನ್ನು ಮುಳ್ಳಿನಿಂದಲೋ ಅಂಕೆಯಿಂದಲೋ ತೋರಿಸುವುದೇ ವೇಗಮಾಪಕ.

ಆಕಾಶದಲ್ಲಿ ಎತ್ತರದಲ್ಲಿರುವಾಗ ವೇಗ ಸ್ವಲ್ಪ ಹೆಚ್ಚುಕಡಮೆಯಾದರೆ ಸರಿಪಡಿಸಿಕೊಳ್ಳಲು ಸಮಯವುಂಟು. ಇಳಿಯುವಾಗ ಹಾಗಿಲ್ಲ. ರೆಕ್ಕೆಯ ಎತ್ತುವ ಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆ. ಉಳಿದದ್ದೆಲ್ಲ ಹಾಗೆಯೇ ಇದ್ದು ವೇಗವು 100ರಿಂದ 90ಕ್ಕೆ ಇಳಿದರೆ ಎತ್ತುವ ಶಕ್ತಿ 100ರಿಂದ 81ಕ್ಕೆ ಇಳಿಯುತ್ತದೆ. ಕೊರತೆಯನ್ನು ತುಂಬಲು ಚಾಲಕನು ವಿಮಾನದ ಮೂತಿಯನ್ನು ಮೇಲಕ್ಕೆತ್ತಿ ರೆಕ್ಕೆ ಗಾಳಿಯನ್ನು ಎದುರಿಸುವ ಕೋನವನ್ನು ಹೆಚ್ಚಿಸಬಹುದು. ಆದರೆ ಅದಕ್ಕೊಂದು ಮೇರೆಯಿದೆ. ಸಾಮಾನ್ಯ ರೆಕ್ಕೆಗಳಲ್ಲಿ ಆ ಕೋನವು ಸುಮಾರು 15 ಡಿಗ್ರಿಯ ಆಸುಪಾಸು ಮುಟ್ಟಿದರೆ, ಗಾಳಿಯು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಸುಳಿಸುಳಿಯಾಗಿ ಒಡೆದುಹೋಗುತ್ತದೆ. ಇದಕ್ಕೆ ಸ್ಟಾಲ್ ಎಂದು ಹೆಸರು. ರೆಕ್ಕೆ ಸೋತಿತು ಎಂದು ನಾವು ಹೇಳಬಹುದು. ಸೋತ ರೆಕ್ಕೆ ವಿಮಾನವನ್ನು ಹೊರಲಾರದು. ಆದುದರಿಂದ ರೆಕ್ಕೆ ಸೋಲುವ ವೇಗ ಎಷ್ಟೋ ಅದರ 1.3 ಪಟ್ಟು ವೇಗದಲ್ಲಿ ನೆಲದ ಕಡೆಗೆ ಬರಬೇಕೆಂಬುದು ಬಹುಕಾಲದಿಂದ ಸರ್ವಸಮ್ಮತವಾದ ಕ್ರಮ. ಜಕ್ಕೂರಿನಂಥ ಶಾಲೆಗಳಲ್ಲಿ ಬಳಸಿರುವ ಸೆಸ್ನಾ ಜಾತಿಯ ಸಣ್ಣ ವಿಮಾನಕ್ಕೆ ಇದು ಸುಮಾರು 60 ನಾಟು, ಎಂದರೆ ಗಂಟೆಗೆ 110 ಕಿಲೋಮೀಟರು. ದೊಡ್ಡ ಪ್ರಯಾಣಿಕ ವಿಮಾನಕ್ಕೆ 130 ನಾಟು, ಎಂದರೆ ಗಂಟೆಗೆ 240 ಕಿಲೋಮೀಟರು. ಈ ವೇಗಕ್ಕಿಂತ ಕಡಮೆಯಾದರೆ ರೆಕ್ಕೆ ಸೋಲುವ ಭಯ. ಹೆಚ್ಚಾದರೆ ವಿಮಾನ ನೆಲಕ್ಕೆ ಕೂರದೆ ತೇಲುತ್ತ ಹೋಗಿ ರನ್‌ವೇ ಮುಗಿದುಹೋಗುವ ಭಯ. ಇದರ ನಡುವಣ ದಾರಿ ಇಕ್ಕಟ್ಟಾದದ್ದು.

ಇಷ್ಟಾದರೂ ಕಿಟಕಿಯಿಂದ ನೆಲವನ್ನು ನೋಡಿಯೇ ವೇಗವನ್ನು ಅಂದಾಜು ಮಾಡಬಾರದೆ ಎಂದು ಕೇಳಬಹುದು. ದೋಣಿಯವನ ದೃಷ್ಟಾಂತವೇ ಇದಕ್ಕೆ ಉತ್ತರ. ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ನೆಲ ಭರದಿಂದ ಹಿಂದೆ ಸರಿಯುವಂತೆ ಕಾಣುತ್ತದೆ. ಚಾಲಕನು ತಾನು ಬಹಳ ವೇಗವಾಗಿದ್ದೇನೆಂದು ಭ್ರಮಿಸಿ ವೇಗವನ್ನು ತಗ್ಗಿಸುತ್ತಾನೆ. ಆದರೆ ರೆಕ್ಕೆಗೆ ದೊರೆಯುತ್ತಿರುವ ಗಾಳಿ ಆಗಲೇ ಸಾಲದಾಗಿರುತ್ತದೆ. ಹೀಗಾಗಿ ಅವನು ಹೊರಗಣ ರನ್‌ವೇಯನ್ನೂ ಒಳಗಣ ವೇಗಮಾಪಕವನ್ನೂ ಪದೇ ಪದೇ ಸರದಿಯ ಮೇಲೆ ನೋಡದೆ ಗತ್ಯಂತರವಿಲ್ಲ. ಚಾಳೀಸು ಬಂದು ಕಾಡುವುದು ಸರಿಯಾಗಿ ಇಲ್ಲಿಯೇ.

ನಮ್ಮ ಕಣ್ಣಿನೊಳಗಿನ ಮಸೂರವು ಗಾಜಿನಂತೆ ಗಡುಸಾದುದಲ್ಲ. ಅದು ಮೃದುವಾದ, ಬಾಗಬಲ್ಲ ವಸ್ತು. ದೂರವನ್ನು ನೋಡುವಾಗ ಅದು ಚಪ್ಪಟೆಯಾಗಿರುತ್ತದೆ. ಹತ್ತಿರ ನೋಡಬೇಕಾದಾಗ ಒಳಗಿನ ಸಣ್ಣ ಸ್ನಾಯುವಿನ ಕೆಲಸದಿಂದ ಉಬ್ಬುತ್ತದೆ. ವಯಸ್ಸಾದಂತೆ ಮಸೂರ ಬಿರುಸಾಗುತ್ತದೆ. ಹತ್ತು ವರ್ಷದ ಹುಡುಗನು ಏಳೆಂಟು ಸೆಂಟಿಮೀಟರು ದೂರದ ಅಕ್ಷರವನ್ನೂ ಸ್ಪಷ್ಟವಾಗಿ ನೋಡಬಲ್ಲನು. ನಲವತ್ತರ ಹೊತ್ತಿಗೆ ಈ ಮೇರೆ 20-25 ಸೆಂಟಿಮೀಟರಿಗೆ ಸರಿದಿರುತ್ತದೆ. ಅರವತ್ತಕ್ಕೆ ಅದು ಸುಮಾರು ಒಂದು ಮೀಟರು. ವಿಮಾನದ ಮಾಪಕಗಳ ಹಲಗೆ ಚಾಲಕನ ಕಣ್ಣಿನಿಂದ ತೋಳುದ್ದ ದೂರದಲ್ಲಿ, ಎಂದರೆ ಮುಕ್ಕಾಲು ಮೀಟರಿನ ಆಸುಪಾಸಿನಲ್ಲಿ ಇರುತ್ತದೆ. ಐವತ್ತರವರೆಗೆ ಅದು ಹೇಗೋ ಸಾಗುತ್ತದೆ. ಅಲ್ಲಿಂದ ಮುಂದೆ ಮಾಪಕವೇ ಮೇರೆಯ ಒಳಗೆ ಬಿದ್ದುಹೋಗುತ್ತದೆ. ಇದರೊಡನೆ ಇನ್ನೆರಡು ಸಂಗತಿಗಳು ಸೇರುತ್ತವೆ. ದೂರದಿಂದ ಹತ್ತಿರಕ್ಕೆ ನೋಟವನ್ನು ಹೊಂದಿಸಿಕೊಳ್ಳಲು ಹಿರಿಯರ ಕಣ್ಣಿಗೆ ಹೆಚ್ಚು ಸಮಯ ಹಿಡಿಯುತ್ತದೆ. ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟುವುದರಿಂದ, ಇಪ್ಪತ್ತರ ಕಣ್ಣಿನೊಳಗೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಅರವತ್ತರ ಕಣ್ಣಿನ ಒಳಪೊರೆಯನ್ನು ಮುಟ್ಟುತ್ತದೆ.

ಕನ್ನಡಕ ಹಾಕಿಕೊಂಡರಾಯಿತಲ್ಲ ಎಂದು ಹೇಳುವುದು ಸುಲಭ. ಸಾಗರದ ಗುಡಿಗಾರರಲ್ಲಿ ವಯಸ್ಸಾದ ಕುಶಲಿಗಳು ಚಾಳೀಸು ಹಾಕಿಕೊಂಡು ಗಂಧದ ಮರದಲ್ಲಿ ಎಳೆಎಳೆಯಾಗಿ ಬಳ್ಳಿಯನ್ನು ಕೆತ್ತುತ್ತಾರೆ. ಅವರಿಗೆ ಯಾವ ತೊಂದರೆಯೂ ಇಲ್ಲ. ಏಕೆಂದರೆ ಅವರ ಕೆಲಸ ಕಣ್ಣಿನಿಂದ ಒಂದೇ ದೂರದಲ್ಲಿರುತ್ತದೆ. ವೈಮಾನಿಕನಿಗೆ ಒಂದಲ್ಲ, ಮೂರು ದೂರಗಳು: ಹೊರಗೆ ರನ್‌ವೇ, ಎದುರಿಗೆ ಮಾಪಕಗಳ ಹಲಗೆ, ತೊಡೆಯ ಮೇಲೆ ನಕ್ಷೆ. ವೃತ್ತಪತ್ರಿಕೆ ಓದಲು ಕೊಟ್ಟ ಕನ್ನಡಕದಲ್ಲಿ ನಕ್ಷೆ ಚೆನ್ನಾಗಿ ಕಾಣುತ್ತದೆ, ಮಾಪಕ ಮಸುಕಾಗುತ್ತದೆ, ರನ್‌ವೇ ಮಾಯವಾಗುತ್ತದೆ. ಮೇಲೆ ದೂರಕ್ಕೂ ಕೆಳಗೆ ಹತ್ತಿರಕ್ಕೂ ಎಂದು ಎರಡು ಭಾಗವಾಗಿ ಮಾಡಿದ ಕನ್ನಡಕದಲ್ಲಿ ನಡುವಣ ದೂರವೇ ತಪ್ಪಿಹೋಗುತ್ತದೆ. ಮೂರು ಭಾಗದ್ದು ಅಥವಾ ಮೇಲಿನಿಂದ ಕೆಳಗೆ ಕ್ರಮವಾಗಿ ಬದಲಾಗುತ್ತ ಹೋಗುವಂಥದು ಹೆಚ್ಚು ಅನುಕೂಲ. ಆದರೆ ಕೊನೆಯದರಲ್ಲಿ ಪಕ್ಕಗಳು ಮಸುಕಾಗಿರುವುದರಿಂದ ಕಣ್ಣನ್ನಲ್ಲ, ತಲೆಯನ್ನೇ ತಿರುಗಿಸಿ ನೋಡುವ ಅಭ್ಯಾಸ ಬೇಕು. ಆದುದರಿಂದ ಹಿರಿಯ ಚಾಲಕನು ತನ್ನ ಆಸನದಲ್ಲಿ ಕುಳಿತು, ಕಣ್ಣಿನಿಂದ ಹಲಗೆಗೆ ಎಷ್ಟು ದೂರವೆಂದು ಅಳೆದು, ಆ ಅಳತೆಯನ್ನು ನೇತ್ರವೈದ್ಯರಿಗೆ ತಿಳಿಸಬೇಕು. ಇದು ಖರ್ಚಿಲ್ಲದ ಮೊದಲನೆಯ ಉಪಾಯ. ಕನ್ನಡಕ ಬೇಕಾದ ಚಾಲಕನು ಹಾರುವಾಗ ಎರಡನೆಯ ಜೊತೆಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕೆಂದು ಅಂತರರಾಷ್ಟ್ರೀಯ ನಿಯಮವೇ ವಿಧಿಸುತ್ತದೆ.

ಕನ್ನಡಕ ಎಷ್ಟೇ ಚೆನ್ನಾಗಿರಲಿ, ಅದು ನೋಡಿದ್ದನ್ನು ಸ್ಪಷ್ಟಮಾಡೀತೇ ಹೊರತು ನೋಡದೆ ಇದ್ದುದನ್ನು ತೋರಿಸಲಾರದು. ಈ ಮಾತಿನ ಅರ್ಥವನ್ನು ಬೆಂಗಳೂರು ಬಹಳ ದುಬಾರಿಯಾದ ಬೆಲೆ ತೆತ್ತು ತಿಳಿದುಕೊಂಡಿದೆ. 1990ನೆಯ ಇಸವಿ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ವಿಮಾನವು ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿಯಬೇಕಾಗಿದ್ದಿತು. ಹಗಲು ಒಂದು ಗಂಟೆಯ ಹೊತ್ತು, ಆಕಾಶ ತಿಳಿಯಾಗಿದ್ದಿತು. ವಿಮಾನ ಹೊಸದು. ಅದು ರನ್‌ವೇಯನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು, ಮುಂದೆ ಸಾಗಿ ಒಡೆದು ಹೊತ್ತಿಕೊಂಡಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಮೃತರಾದರು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ಟರು ವಿಚಾರಣೆ ನಡೆಸಿದರು. ವಿಮಾನದ ಸ್ವಯಂಚಾಲಕ ವ್ಯವಸ್ಥೆಯು ಇಂಜಿನುಗಳನ್ನು ಕನಿಷ್ಠ ಶಕ್ತಿಯಲ್ಲಿಯೇ ಇಡುವ ಒಂದು ಕ್ರಮದಲ್ಲಿ ನಿಂತುಹೋಗಿದ್ದಿತು. ಇರಬೇಕಾಗಿದ್ದ ವೇಗ 132 ನಾಟು. ಅದು ಕ್ರಮೇಣ ಕರಗಿ ಸುಮಾರು 106ರವರೆಗೆ ಇಳಿಯಿತು. ಇಂಜಿನುಗಳಿಗೆ ಪೂರ್ಣಶಕ್ತಿ ಕೊಟ್ಟಾಗ ನೆಲ ತೀರ ಸಮೀಪವಾಗಿದ್ದಿತು. ಇಂಜಿನು ಎಚ್ಚೆತ್ತು ಬಲ ತುಂಬಿಕೊಳ್ಳಲು ಬೇಕಾದ ಕೆಲವು ಸೆಕೆಂಡುಗಳು ಉಳಿದಿರಲಿಲ್ಲ.

ಅಲ್ಲಿ ಚಾಲಕರ ಕಣ್ಣಿಗೆ ಮಂಜು ಬಂದಿದ್ದಿತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸತ್ಯಕ್ಕೂ ಸತ್ತವರಿಗೂ ಅಪಚಾರ. ಹೇಳಬೇಕಾದ ಮಾತು ಬೇರೆ. ವೇಗವು ಎದುರಿನ ಪರದೆಯಲ್ಲಿ, ಬಣ್ಣದ ಪಟ್ಟಿಗಳೊಡನೆ ಇದ್ದೇ ಇತ್ತು. ಅದನ್ನು ಯಾರೂ ಸಕಾಲದಲ್ಲಿ ಗಮನಿಸಲಿಲ್ಲ. ಹಳೆಯ ವಿಮಾನಗಳಲ್ಲಿ ಸ್ವಯಂಚಾಲಕವು ಇಂಜಿನಿನ ಶಕ್ತಿಯನ್ನು ಬದಲಿಸಿದಾಗ ಚಾಲಕನ ಕೈಯಲ್ಲಿರುವ ಹಿಡಿಗಳು ತಾವೇ ಹಿಂದಕ್ಕೆ ಮುಂದಕ್ಕೆ ಸರಿಯುತ್ತಿದ್ದವು. ಕಣ್ಣು ಬೇರೆಡೆ ಇದ್ದರೂ ಅಂಗೈಗೆ ಸುದ್ದಿ ತಿಳಿಯುತ್ತಿದ್ದಿತು. ಈ ಹೊಸ ವಿಮಾನದಲ್ಲಿ ಆ ಹಿಡಿಗಳು ಅಲುಗುವುದಿಲ್ಲ. ಎಲ್ಲ ಸುದ್ದಿಯೂ ಕಣ್ಣಿನ ಒಂದೇ ಬಾಗಿಲಿನಿಂದ ಬರಬೇಕು. ಹಿಡಿಗಳು ಸರಿಯುವಂಥ ವಿಮಾನದಲ್ಲಿಯೂ ಇದೇ ತಪ್ಪು ನಡೆಯಬಹುದೆಂಬುದು 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಡುಬಂದಿತು. ಏಷಿಯಾನ ಸಂಸ್ಥೆಯ ಬೋಯಿಂಗ್ 777 ವಿಮಾನದ ವೇಗವು 137 ನಾಟು ಇರಬೇಕಾದ ಕಡೆ 110ಕ್ಕೂ ಕೆಳಗಿಳಿದು, ಅದು ಕಡಲಂಚಿನ ಕಟ್ಟೆಗೆ ಬಡಿಯಿತು, ಮೂವರು ಮೃತರಾದರು. ಚುರುಕುಗಣ್ಣಿನವರಿಗೇ ಹೀಗಾಗಬಹುದಾದರೆ, ಒಂದೊಂದು ನೋಟಕ್ಕೂ ಹೆಚ್ಚು ಹೊತ್ತು ಬೇಕಾದವರ ಪಾಡೇನು? ಆದುದರಿಂದ ಹಿರಿಯರಿಗಾಗಿ ಮಾಡುವ ಏರ್ಪಾಟು ಕಿರಿಯರನ್ನೂ ಕಾಯುತ್ತದೆ. ಅದರ ಸೂತ್ರ ಒಂದೇ: ಕಣ್ಣು ಮಾಪಕವನ್ನು ಹುಡುಕಿಕೊಂಡು ಹೋಗದಂತೆ, ವೇಗದ ಸುದ್ದಿಯೇ ಚಾಲಕನನ್ನು ಹುಡುಕಿಕೊಂಡು ಬರುವಂತೆ ಮಾಡಬೇಕು.

ಈ ಸೂತ್ರವನ್ನು ಆಚರಣೆಗೆ ತರುವ ಬಗೆಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಮಾಪಕದ ಮುಖ. ಗೋಡೆಯ ಗಡಿಯಾರದ ಅಂಕೆಗಳು ಕಾಣದಿದ್ದರೂ ಮುಳ್ಳುಗಳ ಓರೆಯನ್ನು ನೋಡಿ ನಾವು ಹೊತ್ತು ಹೇಳುತ್ತೇವೆ. ದುಂಡನೆಯ ವೇಗಮಾಪಕದಲ್ಲಿಯೂ ಹೀಗೆಯೇ. ಅದರ ಅಂಚಿನಲ್ಲಿ ಬಣ್ಣದ ಕಮಾನುಗಳಿರುತ್ತವೆ: ಫ್ಲ್ಯಾಪ್ ಎಂಬ ರೆಕ್ಕೆಯ ಹಿಂದಣ ಮಡಿಕೆಗಳನ್ನು ಇಳಿಸಬಹುದಾದ ವೇಗಕ್ಕೆ ಬಿಳಿ, ಸಾಮಾನ್ಯ ಹಾರಾಟಕ್ಕೆ ಹಸುರು, ಎಚ್ಚರಿಕೆಗೆ ಹಳದಿ, ಮೀರಬಾರದ ಮಿತಿಗೆ ಕೆಂಪು ಗೆರೆ. ಬಿಳಿಯ ಕಮಾನಿನ ಕೆಳತುದಿಯೇ ಇಳಿಯುವ ಸ್ಥಿತಿಯಲ್ಲಿ ರೆಕ್ಕೆ ಸೋಲುವ ವೇಗ. ಇರಬೇಕಾದ ವೇಗದ ಬಳಿ ಸರಿಸಿ ನಿಲ್ಲಿಸಬಹುದಾದ ಒಂದು ಗುರುತನ್ನೂ ಹಲವು ಮಾಪಕಗಳಲ್ಲಿ ಇಟ್ಟಿರುತ್ತಾರೆ. ಮುಳ್ಳು ಗುರುತಿಗೆ ಸೇರಿದೆಯೇ, ಹಿಂದಿದೆಯೇ, ಮುಂದಿದೆಯೇ ಎಂಬಿಷ್ಟನ್ನೇ ನೋಡಿದರೆ ಸಾಕು, ಅಂಕೆಯನ್ನು ಓದಬೇಕಾಗಿಲ್ಲ. ಹೊಸ ವಿಮಾನಗಳ ಪರದೆಯಲ್ಲಿ ಮುಳ್ಳಿನ ಬದಲು ಅಂಕೆಗಳ ಪಟ್ಟಿಯೊಂದು ಮೇಲೆ ಕೆಳಗೆ ಸರಿಯುತ್ತದೆ. ಇನ್ನು ಕೆಲವು ಸೆಕೆಂಡುಗಳಲ್ಲಿ ವೇಗ ಎಲ್ಲಿಗೆ ಮುಟ್ಟುವುದೆಂದು ತೋರಿಸುವ ಬಾಣವೂ ಅದರೊಡನೆ ಇರುವುದು ಒಳ್ಳೆಯದೇ. ಆದರೆ ಮುಳ್ಳಿನ ಓರೆ ಕಡೆಗಣ್ಣಿಗೂ ಕಾಣುತ್ತದೆ. ಸರಿಯುವ ಅಂಕೆಯನ್ನು ನೇರವಾಗಿ ನೋಡಿಯೇ ಓದಬೇಕು. ಹಿರಿಯರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹಲಗೆಯ ಮೇಲೆ ಬೀಳುವ ಬೆಳಕನ್ನು ಹೆಚ್ಚಿಸುವುದೂ ಈ ಬಗೆಗೆ ಸೇರಿದ್ದೇ.

ಎರಡನೆಯದು ಮಾಪಕದ ಸ್ಥಳ. ಹಲಗೆಯ ಮೇಲಂಚಿನಲ್ಲಿ, ರನ್‌ವೇಯನ್ನು ನೋಡುವ ದೃಷ್ಟಿಗೆ ತೀರ ಸಮೀಪದಲ್ಲಿ, ರೆಕ್ಕೆಯ ಕೋನವನ್ನು ದೀಪಗಳ ಬಣ್ಣದಿಂದ ತೋರಿಸುವ ಸಣ್ಣ ಉಪಕರಣವನ್ನು ಕೂರಿಸುವುದುಂಟು. ಇದರಲ್ಲಿ ಎರಡು ಲಾಭಗಳಿವೆ. ದೀಪದ ಬಣ್ಣ ಮಸುಕುಗಣ್ಣಿಗೂ ತಿಳಿಯುತ್ತದೆ. ಅದಲ್ಲದೆ ರೆಕ್ಕೆ ಸೋಲುವ ವೇಗವು ವಿಮಾನದ ಭಾರಕ್ಕೂ ತಿರುವಿಗೂ ತಕ್ಕಂತೆ ಬದಲಾಗುತ್ತದೆ. 60 ಡಿಗ್ರಿ ವಾಲಿ ತಿರುಗುವ ವಿಮಾನದಲ್ಲಿ ಅದು ನೂರಕ್ಕೆ 41ರಷ್ಟು ಏರುತ್ತದೆ. ಆದರೆ ರೆಕ್ಕೆ ಸೋಲುವ ಕೋನ ಹಾಗೆ ಬದಲಾಗುವುದಿಲ್ಲ. ಕೋನವನ್ನು ನೋಡುವವನು ಲೆಕ್ಕ ಹಾಕಬೇಕಾಗಿಲ್ಲ. ಸಣ್ಣ ವಿಮಾನಗಳಲ್ಲಿ ಇದನ್ನು ಅಳವಡಿಸುವ ಅನುಮತಿಯ ಕಟ್ಟಳೆಗಳನ್ನು ಅಮೆರಿಕದ ವಿಮಾನಯಾನ ಇಲಾಖೆಯು 2014ರಲ್ಲಿ ಸರಳಗೊಳಿಸಿತು.

ಇದಕ್ಕಿಂತ ಮುಂದಿನ ಹೆಜ್ಜೆ, ವೇಗವನ್ನು ಚಾಲಕನ ಮುಂದಿನ ಪಾರದರ್ಶಕ ಗಾಜಿನ ಮೇಲೆ ಬೆಳಕಿನ ಅಕ್ಷರಗಳಲ್ಲಿ ಮೂಡಿಸುವುದು. ಇಲ್ಲಿ ಗಮನಿಸತಕ್ಕ ಒಂದು ಚಮತ್ಕಾರವಿದೆ. ಗಾಜು ಮುಖದ ಹತ್ತಿರವೇ ಇದ್ದರೂ, ಮಸೂರಗಳ ಸಹಾಯದಿಂದ ಆ ಅಕ್ಷರಗಳ ಕಿರಣಗಳನ್ನು ಸಮಾನಾಂತರಗೊಳಿಸಿರುವುದರಿಂದ ಅವು ಬಹುದೂರದಲ್ಲಿ, ರನ್‌ವೇಯ ಮೇಲೆಯೇ ಬರೆದಂತೆ ಕಾಣುತ್ತವೆ. ಹತ್ತಿರಕ್ಕೆ ನೋಟ ಹೊಂದಿಸಬೇಕಾದ ಅಗತ್ಯವೇ ಇಲ್ಲ. ಚಾಳೀಸಿಗೆ ಇಲ್ಲಿ ಕೆಲಸವಿಲ್ಲ. ಮೊದಲು ಯುದ್ಧವಿಮಾನಗಳಿಗಾಗಿ ಹುಟ್ಟಿದ ಈ ಸಾಧನ ಈಗ ಪ್ರಯಾಣಿಕ ವಿಮಾನಗಳಿಗೂ ಬಂದಿದೆ. ಬೆಂಗಳೂರಿನಲ್ಲಿ ತಯಾರಾದ ತೇಜಸ್ ವಿಮಾನಕ್ಕೆ ಬೇಕಾದುದನ್ನು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ ರೂಪಿಸಿತು. ಇದರ ಬೆಲೆ ಹೆಚ್ಚು. ಅಕ್ಷರಗಳಲ್ಲಿಯೇ ಮನಸ್ಸು ನೆಟ್ಟು ಅವುಗಳ ಹಿಂದಣ ದೃಶ್ಯವನ್ನು ಮರೆಯುವ ಅಪಾಯವೂ ಉಂಟು.

ಮೂರನೆಯ ಬಗೆ ಕಿವಿ. ಆಗುಂಬೆಯ ಘಾಟಿಯನ್ನು ಇಳಿಯುವ ಬಸ್ಸಿನ ಡ್ರೈವರು ತಿರುವಿನಲ್ಲಿ ವೇಗಮಾಪಕವನ್ನು ನೋಡುತ್ತ ಕೂರುವುದಿಲ್ಲ. ಇಂಜಿನಿನ ದನಿ ಕೇಳಿಯೇ ಅವನಿಗೆ ಗೇರು ಬದಲಿಸುವ ಸಮಯ ತಿಳಿಯುತ್ತದೆ. ಕಣ್ಣು ದಾರಿಯನ್ನು ಬಿಟ್ಟು ಕದಲುವುದಿಲ್ಲ. ಹಳೆಯ ಕಾಲದ ಎರಡಂತಸ್ತಿನ ರೆಕ್ಕೆಯ ವಿಮಾನಗಳಲ್ಲಿ ರೆಕ್ಕೆಗಳನ್ನು ಬಿಗಿದಿದ್ದ ತಂತಿಗಳು ಗಾಳಿಗೆ ಹಾಡುತ್ತಿದ್ದವು. ಆ ಹಾಡಿನ ಶ್ರುತಿ ಇಳಿದರೆ ವೇಗ ಇಳಿಯಿತೆಂದು ಚಾಲಕನಿಗೆ ಗೊತ್ತಾಗುತ್ತಿದ್ದಿತು. ತಂತಿಗಳು ಹೋದಮೇಲೆ ಹಾಡೂ ಹೋಯಿತು. ಸೆಸ್ನಾ ವಿಮಾನಗಳ ರೆಕ್ಕೆಯ ಮುಂದಂಚಿನಲ್ಲಿ ಇಂದಿಗೂ ಒಂದು ಪೀಪಿಯುಂಟು. ರೆಕ್ಕೆ ಸೋಲುವುದಕ್ಕೆ ಕೆಲವು ನಾಟುಗಳ ಮೊದಲೇ ಅಲ್ಲಿ ಉಂಟಾಗುವ ಹೀರುವಿಕೆಯಿಂದ ಅದು ತಾನಾಗಿ ಕೂಗುತ್ತದೆ. ವಿದ್ಯುತ್ತೂ ಬೇಡ, ಪರದೆಯೂ ಬೇಡ. ಏರ್‌ಬಸ್ 320 ವಿಮಾನಗಳಲ್ಲಿಯೂ ಬರಬರುತ್ತ, ಶಕ್ತಿ ಕುಂದಿದಾಗ ವೇಗ, ವೇಗ, ವೇಗ ಎಂದು ಇಂಗ್ಲಿಷಿನಲ್ಲಿ ಮೂರು ಸಲ ನುಡಿಯುವ ಯಂತ್ರವಾಣಿ ಬಂದಿತು. ಇವು ಅಪಾಯ ಬಂದಾಗ ಕೂಗುವ ಕಾವಲುಗಾರರು. ಅಪಾಯಕ್ಕೆ ಮುಂಚಿನಿಂದಲೇ ಜೊತೆಗೂಡಿ ನಡೆಯುವ ದನಿ ಇನ್ನೂ ಮೇಲು. ಅಮೆರಿಕದ ಎಫ್-4 ಫ್ಯಾಂಟಮ್ ಯುದ್ಧವಿಮಾನದಲ್ಲಿ ರೆಕ್ಕೆಯ ಕೋನವನ್ನು ಬದಲಾಗುವ ಸ್ವರದ ಮೂಲಕ ಚಾಲಕನ ಕಿವಿಗೆ ಮುಟ್ಟಿಸುವ ಏರ್ಪಾಟಿದ್ದಿತು. ಅವನು ಕಣ್ಣನ್ನು ಹೊರಗಿಟ್ಟೇ ಇಳಿಯಬಹುದಾಗಿದ್ದಿತು. ಹಿರಿಯರಿಗಾಗಿ ಇಂಥದನ್ನು ರಚಿಸುವವರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದು ಏರುಶ್ರುತಿಯ ದನಿಗಳು. ಆದುದರಿಂದ ಕೀರಲು ಸ್ವರಕ್ಕಿಂತ ತಗ್ಗಿದ ಸ್ವರ ಒಳ್ಳೆಯದು.

ನಾಲ್ಕನೆಯದು ಪಕ್ಕದಲ್ಲಿ ಕುಳಿತವನ ಮಾತು. ಒಬ್ಬನು ವಿಮಾನವನ್ನು ನಡೆಸುತ್ತಿರುವಾಗ ಇನ್ನೊಬ್ಬನು ಮಾಪಕಗಳನ್ನು ನೋಡುತ್ತ, ವೇಗ ಹೆಚ್ಚುಕಡಮೆಯಾದ ಕೂಡಲೇ ಬಾಯಿಬಿಟ್ಟು ಹೇಳಬೇಕೆಂಬುದು ನಿಯಮ. ಯಂತ್ರಗಳಲ್ಲೆಲ್ಲ ಇದು ಅಗ್ಗ; ಆದರೆ ನಡೆಸಿಕೊಳ್ಳುವುದು ಕಷ್ಟ. 2010ನೆಯ ಇಸವಿ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈಯಿಂದ ಬಂದ ವಿಮಾನವು ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿ ಬಂದು, ರನ್‌ವೇಯ ಅರ್ಧಕ್ಕಿಂತ ಹೆಚ್ಚನ್ನು ಕಳೆದು ನೆಲ ಮುಟ್ಟಿ, ಬೆಟ್ಟದ ಕೆಳಗೆ ಉರುಳಿತು. 158 ಮಂದಿ ಮೃತರಾದರು. ಉಳಿದವರು ಎಂಟು ಮಂದಿ. ಜೊತೆಯ ಚಾಲಕನು ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದನೆಂದು ವಿಚಾರಣೆಯಿಂದ ತಿಳಿದುಬಂದಿತು. ಹಿರಿಯರ ಮಾತಿಗೆ ಎದುರಾಡಬಾರದೆಂಬುದು ನಮ್ಮ ಮನೆಗಳ ಸಂಸ್ಕಾರ, ಅದು ಒಳ್ಳೆಯದೇ. ಆದರೆ ವಿಮಾನದ ಮುಂಗೋಣೆಯಲ್ಲಿ ಹಿರಿಯನಿಗೆ ಕಿರಿಯನು ಸಲ್ಲಿಸುವ ನಿಜವಾದ ಗೌರವ, ಸ್ವಾಮಿ, ವೇಗ ತಪ್ಪಿದೆ ಎಂದು ಗಟ್ಟಿಯಾಗಿ ಹೇಳುವುದರಲ್ಲಿದೆ. ಎರಡು ಸಲ ಹೇಳಿದರೂ ಉತ್ತರ ಬಾರದಿದ್ದರೆ ಕಿರಿಯನೇ ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಕೆಂದು ಅನೇಕ ಸಂಸ್ಥೆಗಳು ವಿಧಿಸಿವೆ. ಹಿರಿಯನು ಅದನ್ನು ಅವಮಾನವೆಂದು ಎಣಿಸಬಾರದು. ಚಾಳೀಸು ಹಾಕಿಕೊಳ್ಳುವುದು ಅವಮಾನವಲ್ಲವಾದರೆ ಇನ್ನೊಬ್ಬರ ಕಣ್ಣನ್ನು ಎರವಲು ಪಡೆಯುವುದೂ ಅವಮಾನವಲ್ಲ.

ಕೊನೆಯದು ಚಾಲಕನ ಸ್ವಂತ ಅಭ್ಯಾಸ. ವಿಮಾನದ ಮೂತಿಯ ಓರೆಯನ್ನೂ ಇಂಜಿನಿನ ಶಕ್ತಿಯನ್ನೂ ಸರಿಯಾಗಿ ಹೊಂದಿಸಿಟ್ಟರೆ ವೇಗ ತಾನಾಗಿ ಒಂದು ಕಡೆ ನೆಲೆಸುತ್ತದೆ. ಇದನ್ನು ನೆಲ ಸಮೀಪಿಸಿದಮೇಲೆ ಅವಸರದಲ್ಲಿ ಮಾಡದೆ, 1000 ಅಡಿಯ ಎತ್ತರದಲ್ಲಿಯೇ ಮುಗಿಸಿಬಿಟ್ಟರೆ, ಅನಂತರ ಮಾಪಕವನ್ನು ನೋಡುವುದು ಹುಡುಕಾಟವಾಗದೆ ಬರಿಯ ಖಾತರಿಯಾಗುತ್ತದೆ. 500 ಅಡಿಯಲ್ಲಿಯೂ ವೇಗ ನೆಲೆಸದಿದ್ದರೆ ವಾದಿಸದೆ ಮತ್ತೆ ಮೇಲೇರಿ ಒಂದು ಸುತ್ತು ಬರಬೇಕು. ವೇಗ ಕಾಣಿಸುವುದಿಲ್ಲವೆಂಬ ಅಳುಕಿನಿಂದ ಹತ್ತು ಹದಿನೈದು ನಾಟು ಹೆಚ್ಚಿಗೆ ಇಟ್ಟುಕೊಂಡು ಬರುವುದು ಉಪಾಯವಲ್ಲ. ಅದು ಒಂದು ಅಪಾಯವನ್ನು ಬಿಟ್ಟು ಇನ್ನೊಂದನ್ನು ಹಿಡಿದಂತೆ.

ಈ ಏರ್ಪಾಟುಗಳಲ್ಲಿ ಒಂದೇ ಸಾಕೆಂದು ನೆಚ್ಚಲಾಗದು. ಕನ್ನಡಕ ಒಡೆಯಬಹುದು, ಕೊಳವೆ ಕಟ್ಟಬಹುದು, ಯಂತ್ರವಾಣಿ ಗದ್ದಲದಲ್ಲಿ ಮುಳುಗಬಹುದು, ಜೊತೆಗಾರನು ಸಂಕೋಚಪಡಬಹುದು. ಹಲವು ಬಾಗಿಲುಗಳಿಂದ ಒಂದೇ ಸುದ್ದಿ ಬರುವಂತಿದ್ದರೆ ಯಾವುದಾದರೊಂದು ತೆರೆದೇ ಇರುತ್ತದೆ. 1990ರಲ್ಲಿ ಬೆಂಗಳೂರಿನ ಆ ಮಧ್ಯಾಹ್ನ ಸುದ್ದಿ ಬರುವುದಕ್ಕೆ ಒಂದೇ ಬಾಗಿಲಿದ್ದಿತು, ಆ ಕಡೆ ಯಾರೂ ತಿರುಗಿರಲಿಲ್ಲ. ಮುಪ್ಪು ಎಲ್ಲರಿಗೂ ಬರತಕ್ಕದ್ದು. ಹಿರಿಯನ ಕಣ್ಣಿಗೆ ಅನುಕೂಲವಾಗುವಂತೆ ಯಂತ್ರವನ್ನು ತಿದ್ದುವುದು ಅವನಿಗೆ ತೋರಿಸುವ ಕರುಣೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಅವನ ಬೆನ್ನ ಹಿಂದೆ ಕುಳಿತು ಊರಿಗೆ ಮರಳುತ್ತಿರುವ ನಮ್ಮೆಲ್ಲರ ಪ್ರಾಣದ ಪ್ರಶ್ನೆ ಅದು.